ತೌಡು ದನಕ್ಕ, ಬಿಳಿ ಅಕ್ಕಿ ನಮಗ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ಭಾನುವಾರ ನಿಮ್ಮ ಪುರವಣಿ ಒಳಗ ಬೊಜ್ಜಿನ ಬಗ್ಗೆ ಅರ್ಧ ಪುಟ ಬಂದಿತ್ತು, ಪೂರಾ ಓದಿದೆ. ಬಾಯಿ ಕಟ್ರಿ, ಬೆಳಿಗ್ಗೆ ಲಗೂನ ಏಳ್ರಿ, ಸೋಮಾರಿತನ ಬಿಡ್ರಿ, ಹೊಟ್ಟಿ ತಾನ ಇಳಿತೈತಿ ಅಂತ ಬರದಾರ. ಅದರ ಮ್ಯಾಲೆ ಒಂದು ಚಿತ್ರ ಬ್ಯಾರೆ, ಕುರ್ಚಿ ಮುರಕೊಂಡು ಬಿದ್ದ ದಪ್ಪ ಮನಷ್ಯಾ, ಸುತ್ತ ನಾಕು ಮಂದಿ ನಗಾಕತ್ತಾರ. ಅದೇ ಪುಟದ ತಳದಾಗ 15 ದಿನಕ್ಕ ಹೊಟ್ಟಿ ಕರಗಿಸೋ ಪುಡಿ ಜಾಹೀರಾತು. ಮಿಲ್ನಾಗ ಚಾ ಕುಡಿಯೋ ಹೊತ್ತಿಗೆ ನಮ್ಮ ಹುಡುಗ್ರು ಪೇಪರ್ ತಂದು, ಗುಮಾಸ್ತ್ರ ನಿಮ್ಮ ಫೋಟೋ ಹಾಕ್ಯಾರ ನೋಡ್ರಿ ಅಂದ್ರು. ನಾನೂ ನಕ್ಕೆ, ಏನ್ ಮಾಡಬೇಕು. ಮನಿಗೆ ಬಂದು ಕೈಕಾಲು ತೊಳಕೊಂಡು ಈ ಕಾಗದ ಬರಿಯಾಕ ಕುಂತೀನಿ, ಉದ್ದ ಆದ್ರ ಬೇಸರ ಮಾಡ್ಕೋಬ್ಯಾಡ್ರಿ.

ನನಗ 47 ವರ್ಷ, ಗಂಗಾವತಿ ಒಳಗ ಒಂದು ರೈಸ್ ಮಿಲ್ನಾಗ 21 ವರ್ಷದಿಂದ ಲೆಕ್ಕ ಬರೆಯೋ ಕೆಲಸ. ಎತ್ತರ 168 ಸೆಂಟಿಮೀಟರ್. ಹೋದ ವರ್ಷ ಮಗಳ ಪಿಯುಸಿ ರಿಸಲ್ಟ್ ಬಂದಾಗ ಹರಕಿ ತೀರಿಸಾಕ ಅಂತ ಮನಿ ಮಂದಿಯೆಲ್ಲ ಅಂಜನಾದ್ರಿಗೆ ಹೋಗಿದ್ವಿ. 575 ಮೆಟ್ಲು ಅಂತಾರ, ಸಣ್ಣಾಂವ ಇದ್ದಾಗ ಓಡಿಕೊಂಡ ಹತ್ತಿದ ಬೆಟ್ಟ ಅದು. ಈ ಸಲ ಇನ್ನೂ ಅರ್ಧಕ್ಕ ಹೋಗಿಲ್ಲ, ಎದಿ ಡವಡವ ಅಂದು ಕಣ್ಣಿಗೆ ಕತ್ತಲಿ ಬಂದಂಗಾತು, ಮೆಟ್ಲ ಮ್ಯಾಲೆನ ಕುಂತುಬಿಟ್ಟೆ. ನನ್ನ ಪಕ್ಕದಾಗ ಎಪ್ಪತ್ತು ದಾಟಿದ ಒಬ್ಬಾಕಿ ಅಜ್ಜಿ, ಬರಿಗಾಲಾಗ, ತಲಿ ಮ್ಯಾಲೆ ಕಾಯಿಚೀಲ ಇಟಗೊಂಡು, ಯಾಕ ತಮ್ಮಾ ದಣದೇನು ಅಂತ ಕೇಳಿ ಮುಂದ ಹೋದ್ಲು. ಮಗಳು ಹರಕಿ ತೀರಿಸಿ ಬಂದ್ಲು, ನಾನು ಅರ್ಧದಾಗಿಂದನ ಕೈ ಮುಗದೆ.

ಮರುದಿನ ದವಾಖಾನಿಗೆ ಹೋದೆ. ಡಾಕ್ಟರಮ್ಮ ನನ್ನ ಬೈತಾರ ಅಂತ ತಯಾರಾಗಿ ಹೋಗಿದ್ದೆ, ಅವರು ಬೈಲಿಲ್ಲ. ಟೇಬಲ್ ಡ್ರಾದಾಗಿಂದ ಟೈಲರ್ ಹಿಡಿಯೋ ಅಂಥದ ಒಂದು ಟೇಪ್ ತಗದು ಹೊಕ್ಕಳ ಹತ್ರ ಸುತ್ತಿದ್ರು, 104 ಸೆಂಟಿಮೀಟರ್. ತೂಕ 86. ಕೆಜಿ ತೂಕಾನ ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದ್ರ ಬರೋದ ಬಿಎಂಐ, ನಂದು 30 ದಾಟಿತ್ತು. ಲೆಕ್ಕ ನನ್ನ ಕೆಲಸ ಅಲ್ರಿ, ನಾನ ಕ್ಯಾಲ್ಕುಲೇಟರ್ ಒತ್ತಿ ನೋಡಿದೆ, ಅಷ್ಟ ಬಂತು. ಜಗತ್ತಿನ ಲೆಕ್ಕದಾಗ 25 ಮ್ಯಾಲಾದ್ರ ತೂಕ ಜಾಸ್ತಿ, 30ಕ್ಕ ಬೊಜ್ಜು, ನಮ್ಮ ಭಾರತದವರಿಗೆ ಮಾತ್ರ ಡಾಕ್ಟರು 23 ಆದ್ರನ ಎಚ್ಚರ ಹೇಳ್ತಾರ, 25ಕ್ಕ ಬೊಜ್ಜು ಅಂತಾರ. ಯಾಕಂದ್ರ ನಮ್ಮ ಮಂದಿಗೆ ಕೈಕಾಲು ಸಣ್ಣ ಇದ್ರೂ ಕೊಬ್ಬು ಹೊಟ್ಟಿ ಒಳಗ, ಲಿವರ್ ಸುತ್ತ ಹೋಗಿ ಕುಂದರತೈತಿ, ಶುಗರ್ ಬಿಪಿಗೆ ದಾರಿ ಮಾಡೋದು ಹೆಚ್ಚಾಗಿ ಆ ಒಳಗಿನ ಕೊಬ್ಬು. ಅದಕ್ಕ ತೂಕದ ಮಷೀನ್ ಇಲ್ಲಂದ್ರೂ ಚಿಂತಿಲ್ಲ, ಟೇಪ್ ಸಾಕು: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದಕ್ಕಿಂತ ಜಾಸ್ತಿ ಆದ್ರ ಒಮ್ಮೆ ರಕ್ತ ಚೆಕ್ ಮಾಡಿಸಬೇಕು. ನನ್ನ ಮೂರು ತಿಂಗಳ ಶುಗರ್ ಸರಾಸರಿ, ಎಚ್‌ಬಿಎ1ಸಿ ಅಂತಾರಲ್ಲ ಅದು, 6.3 ಬಂತು. 6.5 ಆದ್ರ ಶುಗರ್ ಕಾಯಿಲೆ ಅಂತ ಬರೀತಾರ, ಹೊಸ್ತಿಲ ಮ್ಯಾಲೆ ನಿಂತಿದ್ದೆ ಅನ್ರಿ.

ನಿಮ್ಮ ಲೇಖನದಾಗ ಈ ಟೇಪಿನ ಮಾತು ಒಂದು ಸಾಲೂ ಇದ್ದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಒಳಗ ಬಿಎಂಐ 25 ದಾಟಿದವರು ದೇಶದಾಗ ಹೆಂಗಸರು ನೂರಕ್ಕ 24, ಗಂಡಸರು ನೂರಕ್ಕ 23ರ ಹತ್ರ. ಐಸಿಎಂಆರ್ ಅಂದ್ರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಬ್ಯಾರೆ ಮಾಡಿ 2023ರಾಗ ಪ್ರಕಟ ಮಾಡಿದ ದೊಡ್ಡ ಅಧ್ಯಯನದಾಗ ಬರೇ ಹೊಟ್ಟಿ ಸುತ್ತಳತಿ ಹಿಡಿದು ನೋಡಿದ್ರ ದೊಡ್ಡವರಾಗ ನೂರಕ್ಕ ಹೆಚ್ಚೂಕಮ್ಮಿ 40 ಮಂದಿ ಹೊಟ್ಟಿ ಬೊಜ್ಜಿನ ಪಟ್ಟಿ ಒಳಗ ಬಿದ್ದಾರ. ಎರಡೂ ಒಂದೇ ವಯಸ್ಸಿನವರ ಲೆಕ್ಕ ಅಲ್ಲ, ಖರೆ, ಆದ್ರೂ ನೋಡಾಕ ಸಣ್ಣಗ ಕಾಣೋ ಎಷ್ಟೋ ಮಂದಿಗೆ ಹೊಟ್ಟಿ ಮಾತ್ರ ಬಂದಿರತೈತಿ ಅನ್ನೋದು ತಿಳಿತೈತಿ. ನಮ್ಮ ಮಿಲ್ಲಿನ ಸೂಪರ್‌ವೈಸರ್‌ನ ನೋಡ್ರಿ, ಬಡಕಲು ಮೈ, ಅಂಗಿ ಜೋತಾಡತೈತಿ, ಅವಗ 39ಕ್ಕ ಶುಗರ್ ಬಂತು. ಅವನ್ನ ನೋಡಿ ಯಾರೂ ಚಿತ್ರ ಬರಿಯಂಗಿಲ್ಲ ಬಿಡ್ರಿ.

ಈಗ ನಮ್ಮ ಊರಿನ ಹೊಟ್ಟಿ ಎಲ್ಲಿಂದ ಬಂತು ಅನ್ನೋದು ಹೇಳ್ತೀನಿ, ಇದು ನನಗ ಮಿಲ್ನಾಗ ಕುಂತು ಗೊತ್ತಾದದ್ದು. ನಮ್ಮಜ್ಜನ ಕಾಲಕ್ಕ ಇಲ್ಲೆಲ್ಲ ಒಣ ಬೇಸಾಯ, ಜೋಳ, ಸಜ್ಜಿ, ನವಣಿ. ಅನ್ನ ಅಂದ್ರ ಹಬ್ಬಕ್ಕ, ಇಲ್ಲಂದ್ರ ಜ್ವರ ಬಂದವರಿಗೆ. 1953ರಾಗ ತುಂಗಭದ್ರಾ ಡ್ಯಾಮ್ ಮುಗದು ಎಡದಂಡೆ ಕಾಲುವಿ ನೀರು ಹರೀತು, ಆಂಧ್ರದ ಕಡಿಂದ ರೈತರು ಬಂದು ಕ್ಯಾಂಪ್ ಹಾಕಿದ್ರು, ಭತ್ತ ಬಂತು, ದುಡ್ಡು ಬಂತು, ಗಂಗಾವತಿ ಭತ್ತದ ಕಣಜ ಅನಿಸಿಕೊಂತು. ಅದು ಒಳ್ಳೇದ ಆತು, ಇಲ್ಲ ಅನ್ನಂಗಿಲ್ಲ, ನನ್ನ ಅನ್ನನೂ ಅದ. 2024ರ ಆಗಸ್ಟ್‌ನಾಗ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ಈ ಊರಾಗ ಯಾರಿಗೂ ನಿದ್ದಿ ಬಂದಿಲ್ಲ. ಆದ್ರ ತಟ್ಟಿ ಒಳಗ ಏನಾತು ಅಂದ್ರ, ರೊಟ್ಟಿ ಇದ್ದ ಜಾಗಕ್ಕ ಮೂರೊತ್ತೂ ಸೋನಾ ಮಸೂರಿ ಬಂತು, ಅದೂ ಮಲ್ಲಿಗಿ ಹೂವಿನಂಗ ಬೆಳ್ಳಗ ಇರಬೇಕು.

ಅಷ್ಟು ಬೆಳ್ಳಗ ಹೆಂಗ ಆಗತೈತಿ ಅಂತ ಮಿಲ್ಲಿಗೆ ಬಂದು ನೋಡ್ರಿ. ಭತ್ತದ ಮ್ಯಾಲಿನ ಹೊಟ್ಟು ತಗದ ಮ್ಯಾಲೆ ಅಕ್ಕಿ ಕಂದು ಬಣ್ಣ ಇರತೈತಿ. ಆಮ್ಯಾಲೆ ಪಾಲಿಷ್ ಮಷೀನಿಗೆ ಹಾಕಿ ಉಜ್ಜತೀವಿ, ಉದುರೋದ ತೌಡು. ನಾರು, ಬಿ ವಿಟಮಿನ್, ಎಣ್ಣಿ ಅಂಶ ಬಹಳಷ್ಟು ಅದರಾಗ ಹೋಗತೈತಿ. ಅಕ್ಕಿ ಕೊಳ್ಳೋ ಪಾರ್ಟಿಯವರು ಇನ್ನೂ ಬೆಳ್ಳಗ ಬೇಕ್ರಿ ಅಂದ್ರ ಇನ್ನೊಂದು ಸಲ ಉಜ್ಜತೀವಿ. ತೌಡು ಎಣ್ಣಿ ಫ್ಯಾಕ್ಟರಿಗೆ ಹೋಗತೈತಿ, ಎಣ್ಣಿ ತಗದು ಉಳದದ್ದು ದನದ ಮೇವು. ನಾನು 21 ವರ್ಷ ತೌಡಿನ ಬಿಲ್ ಬರದೀನಿ, ಒಂದು ದಿನನೂ ಇದು ತಲಿಗೆ ಹೊಳದಿದ್ದಿಲ್ಲ, ಒಳ್ಳೇದು ಲಾರಿ ಹತ್ತಿ ಹೋಗತೈತಿ ನಾನು ಉಳದದ್ದನ್ನ ಡಬ್ಬಿ ಕಟಗೊಂಡು ತರತೀನಿ ಅಂತ.

ಆದ್ರ ಅಕ್ಕಿನ ಬೈದ್ರ ಅರ್ಧ ಖರೆ ಅಷ್ಟ. ನಮ್ಮಲ್ಲಿ ಹಮಾಲರು ಅದಾರ, ದಿನಕ್ಕ ನೂರಾರು ಚೀಲ ಹೊರತಾರ, ನನಗಿಂತ ಮೂರು ಪಟ್ಟು ಅನ್ನ ಉಣ್ತಾರ, ಒಬ್ಬರಿಗೂ ಹೊಟ್ಟಿ ಇಲ್ಲ. ಅವರ ಪೈಕಿ ಒಬ್ಬಾಂವ ಬೆನ್ನು ಹಿಡಕೊಂತು ಅಂತ ಹಮಾಲಿ ಬಿಟ್ಟು ಆಟೋ ತಗೊಂಡ. ಉಣ್ಣೋದು ಅಷ್ಟ ಉಣ್ಣಾಕತ್ತಿದ್ದ, ಎರಡು ವರ್ಷದಾಗ ಅವಗೂ ನನ್ನಂಗ ಬಂತು. ಅಂವ ಸೋಮಾರಿ ಏನ್ರಿ? ಬೆಳಿಗ್ಗೆ 5ಕ್ಕ ಸ್ಟ್ಯಾಂಡ್‌ನಾಗ ಇರ್ತಾನ, ರಾತ್ರಿ 10ಕ್ಕ ಮನಿ ಸೇರ್ತಾನ. ಕೆಲಸ ಬದಲಾತು, ಹಸಿವಿ ಬದಲಾಗಲಿಲ್ಲ. ನಾನೂ ಸುಗ್ಗಿ ಬಂತಂದ್ರ ನವೆಂಬರ್ ಡಿಸೆಂಬರ್‌ನಾಗ ರಾತ್ರಿ ಪಾಳಿ, ನಿದ್ದಿ ನಾಕು ತಾಸು, ಎಚ್ಚರ ಇರಬೇಕಂತ ಚಾ ಮ್ಯಾಲೆ ಚಾ, ಬಿಸ್ಕಿಟ್, ಖಾರಾ. ನಿದ್ದಿ ಕಡಿಮಿ ಆದ್ರ ಹಸಿವಿ ಹೆಚ್ಚು ಮಾಡೋ ಹಾರ್ಮೋನು ಏರತೈತಿ ಅಂತ ಡಾಕ್ಟರಮ್ಮ ಹೇಳಿದಾಗ ನನಗ ಸುಗ್ಗಿ ನೆನಪಾತು, ಆ ದಿನಗಳಾಗ ಎಷ್ಟು ತಿಂದ್ರೂ ಬಾಯಿ ಬೇಡತಿತ್ತು.

ಚಾ ಲೆಕ್ಕ ಹೇಳ್ತೀನಿ ಕೇಳ್ರಿ. ದಿನಕ್ಕ ಆರು ಕಪ್, ಕಪ್ಪಿಗೆ ಎಂಟು ಗ್ರಾಂ ಸಕ್ಕರಿ ಹಿಡದ್ರೂ 48 ಗ್ರಾಂ. ಐಸಿಎಂಆರ್‌ನ ಹೈದರಾಬಾದಿನ ಪೋಷಣ ಸಂಸ್ಥೆ 2024ರಾಗ ಊಟದ ಹೊಸ ಸೂಚನಿ ಕೊಟ್ಟೈತಿ, ಅದರಾಗ ಸಕ್ಕರಿ ದಿನಕ್ಕ 20-25 ಗ್ರಾಂ ದಾಟಬಾರದು ಅಂತ. ನಾನು ಬರೇ ಚಾದಾಗ ಎರಡರಷ್ಟು ಕುಡೀತಿದ್ದೆ. ಎಣ್ಣಿದೂ ಹಂಗ, ಗ್ರಾಮಿಗೆ 9 ಕ್ಯಾಲೊರಿ, ಅನ್ನ ಸಕ್ಕರಿ ಪಿಷ್ಟದ್ದು 4. ಒಬ್ಬರಿಗೆ ದಿನಕ್ಕ ಎಣ್ಣಿ 25 ಗ್ರಾಂ ಅಂತ ಹಿಡದ್ರ ನಾಕು ಮಂದಿ ನಮ್ಮ ಮನಿಗೆ ತಿಂಗಳಿಗೆ ಮೂರು ಕೆಜಿ ಆಗಬೇಕು. ಕಿರಾಣಿ ಚೀಟಿ ತಗದು ನೋಡಿದೆ, ಆರೂವರಿ. ನನ್ನ ಹೆಂಡ್ತಿ ಅಂದ್ಲು, ರೀ ಇದು ಮಿಲ್ಲಿನ ಲೆಕ್ಕ ಅಲ್ಲ ನನ್ನ ಅಡಿಗಿ ಮನಿ, ಚೀಟಿ ಒಳಗ ಇಡ್ರಿ ಅಂತ. 2025ರ ಫೆಬ್ರವರಿ ಮನ್ ಕೀ ಬಾತ್‌ನಾಗ ಪ್ರಧಾನಿಯವರು ಎಣ್ಣಿ ನೂರಕ್ಕ 10 ಕಡಿಮಿ ಮಾಡ್ರಿ ಅಂದಿದ್ರು, ಅದನ್ನ ಹೇಳಿ ಒಪ್ಪಿಸಾಕ ನೋಡಿದೆ, ಹಂಗಾರ ಮೊದಲು ನೀವು ಹೊರಗ ಮಿರ್ಚಿ ಬಜ್ಜಿ ತಿನ್ನೋದು ಬಿಡ್ರಿ ಅಂದ್ಲು. ಮಾತು ಖರೆ.

ಮಿರ್ಚಿ ಬಗ್ಗೆ ಈ ಸೀಮಿ ಮಂದಿಗೆ ಹೇಳೋದು ಕಷ್ಟ. ಬೆಳಿಗ್ಗೆ ಒಗ್ಗರಣಿ ಮಿರ್ಚಿ, ಅಂದ್ರ ಒಗ್ಗರಣಿ ಹಾಕಿದ ಮಂಡಕ್ಕಿ ಮತ್ತ ಮಿರ್ಚಿ ಬಜ್ಜಿ, ನಮಗ ನಾಷ್ಟಾ, ಬೆಂಗಳೂರವರಿಗೆ ಇಡ್ಲಿ ಹೆಂಗೋ ಹಂಗ. ಮಂಡಕ್ಕಿ ಹಗುರ ಅಂತ ತಿಂತೀವಿ, ಒಗ್ಗರಣಿಗೆ ಸುರಿದ ಎಣ್ಣಿ, ಪುಠಾಣಿ ಪುಡಿ, ಪಕ್ಕಕ್ಕ ಎರಡು ಮಿರ್ಚಿ, ಎಲ್ಲಾ ಸೇರಿದ್ರ ಅರ್ಧ ತಾಸು ನಡದು ಇಳಿಸೋ ಮಾಲಲ್ಲ ಅದು. ನಾನು 20 ವರ್ಷ ದಿನಾ ತಿಂದೀನಿ. ಕೊಪ್ಪಳ ಗವಿಮಠದ ಜಾತ್ರಿ ದಾಸೋಹದಾಗ ಲಕ್ಷಗಟ್ಟಲೆ ಮಿರ್ಚಿ ಕರೀತಾರ, ಅದನ್ನ ಪ್ರಸಾದ ಅಂತ ವರ್ಷಕ್ಕೊಮ್ಮೆ ತಿನ್ನೋದಕ್ಕ ನನ್ನ ತಕರಾರಿಲ್ಲ, ಈ ವರ್ಷನೂ ಹೋಗಿ ತಿಂದು ಬಂದೆ. ಆದ್ರ ನಾನು ದಿನಾ ಜಾತ್ರಿ ಮಾಡಿಕೊಂಡಿದ್ದೆ.

ಜೋಳಕ್ಕ ತಿರುಗಿ ಬಂದೆ ಅಂತ ಹೇಳಿದ್ರ ಎಲ್ಲಾರೂ ಹೌದ್ ಹೌದ್ ಅಂತಾರ, ಜೋಳ ತಿಂದ್ರ ಸಣ್ಣ ಆಗತಾರ ಅಂತ. ಇದೂ ತಪ್ಪ. ನೂರು ಗ್ರಾಂ ಜೋಳಕ್ಕೂ ನೂರು ಗ್ರಾಂ ಅಕ್ಕಿಗೂ ಕ್ಯಾಲೊರಿ ಹೆಚ್ಚೂಕಮ್ಮಿ ಒಂದ. ಫರಕ್ ಎಲ್ಲಿ ಅಂದ್ರ ಜೋಳದಾಗ ನಾರು ಮೂರು ಪಟ್ಟಿಗಿಂತ ಜಾಸ್ತಿ, ರೊಟ್ಟಿ ಅಗಿಯಾಕ ಹೊತ್ತು ಬೇಕು, ಎರಡು ರೊಟ್ಟಿಗೆ ಹೊಟ್ಟಿ ಸಾಕು ಅಂತೈತಿ. ಅನ್ನ ಸಾರು ಹಂಗಲ್ಲ, ಜಾರಿಕೊಂಡು ಹೋಗತೈತಿ, ಇನ್ನೊಂದು ಸೌಟು ಅಂದದ್ದ ಗೊತ್ತಾಗಂಗಿಲ್ಲ. ಇನ್ನ ರೊಟ್ಟಿ ಬಂತಂದ್ರ ಅದರ ಬೆನ್ನಿಗೆ ಪಲ್ಯ ಬರತೈತಿ, ಹೆಸರುಕಾಳು, ಪುಂಡಿಪಲ್ಯ, ಹಸಿ ಹಕ್ಕರಕಿ, ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ. ಹಸಿ ಸೊಪ್ಪು ಕಚ್ಚಿಕೊಂಡು ಉಣ್ಣೋದು ನಮ್ಮ ಹಿರಿಯರ ರೂಢಿ, ಪ್ಯಾಟಿ ಹೋಟೆಲ್‌ನಾಗ ಅದನ್ನ ಸಲಾಡ್ ಅಂತ 120 ರೂಪಾಯಿ ತಗೋತಾರ. ಈಗ ನಮ್ಮ ಮನ್ಯಾಗ ಮಧ್ಯಾಹ್ನ ರೊಟ್ಟಿ, ರಾತ್ರಿ ಒಂದು ಸಣ್ಣ ಬಟ್ಟಲ ಅನ್ನ ಮಜ್ಜಿಗಿ. ಅನ್ನ ಪೂರಾ ಬಿಡ್ರಿ ಅಂದ್ರ ನಾನು ಬಿಡಂಗಿಲ್ಲ, ರೈಸ್ ಮಿಲ್ ಗುಮಾಸ್ತ ಅನ್ನ ಬಿಟ್ಟ ಅಂದ್ರ ನಗತಾರ.

ನಿಮ್ಮ ಪುಟದ ತಳದಾಗ ಬಂದಂಥ ಪುಡಿನ ನಾನೂ ತಗೊಂಡಿದ್ದೆ, ಬ್ಯಾರೆ ಹೆಸರಿಂದು, 1800 ರೂಪಾಯಿ. ಹೊಟ್ಟಿ ಕರಗಲಿಲ್ಲ, ಮೂರು ದಿನ ಬೇಧಿ ಆತು, ನೀರು ಹೋಗಿ ಎರಡು ಕೆಜಿ ಇಳೀತು, ವಾರದಾಗ ವಾಪಸ್ ಬಂತು. ಅದಕ್ಕೂ ಮೊದಲು ಒಂದು ಸಲ ಒಪ್ಪತ್ತು ಊಟ ಮಾಡಿ ಎರಡು ತಿಂಗಳಿಗೆ ಒಂಬತ್ತು ಕೆಜಿ ಇಳಿಸಿದ್ದೆ, ಆರು ತಿಂಗಳಿಗೆ ಹನ್ನೊಂದು ಏರೀತು. ಆಗ ನನ್ನ ಮನಸ್ಸು ಗಟ್ಟಿ ಇಲ್ಲ ಅಂತ ನನ್ನ ನಾನ ಬೈಕೊಂಡೆ. ಡಾಕ್ಟರಮ್ಮ ಹೇಳಿದ್ದು ಬ್ಯಾರೆ. ಕೊಬ್ಬಿನ ಕಣಗಳು ಲೆಪ್ಟಿನ್ ಅನ್ನೋ ಹಾರ್ಮೋನು ಬಿಡತಾವ, ಉಗ್ರಾಣದಾಗ ಇಷ್ಟು ಮಾಲೈತಿ ಅಂತ ಮಿದುಳಿಗೆ ಸುದ್ದಿ ಮುಟ್ಟಿಸೋದು ಅದು. ಮೈ ಇಳೀತಂದ್ರ ಆ ಸುದ್ದಿ ಕಡಿಮಿ ಆಗತೈತಿ, ಮಿದುಳು ಬರಗಾಲ ಬಂತು ಅಂತ ತಿಳಕೊಂಡು ಹಸಿವಿ ಏರಿಸತೈತಿ, ದೇಹ ಖರ್ಚು ಮಾಡೋ ಶಕ್ತಿನೂ ಕಡಿಮಿ ಮಾಡತೈತಿ. ಬರ ಕಂಡ ಸೀಮಿ ರೈತ ಸಾವಕಾಶ ಖರ್ಚು ಮಾಡಿದಂಗ. ಅದಕ್ಕ ಪಟ್ಟಂತ ಇಳಿಸಿದ್ದು ಪಟ್ಟಂತ ಏರತೈತಿ. ಬೊಜ್ಜು ರೋಗ, ಬಿಪಿ ಶುಗರ್ ಇದ್ದಂಗ ವರ್ಷಗಟ್ಟಲೆ ನೋಡಿಕೋಬೇಕಾದ್ದು, ಇದನ್ನ ಯಾರಾದರೂ 20 ವರ್ಷದ ಹಿಂದ ಹೇಳಿದ್ರ ನನ್ನ 1800 ಉಳೀತಿತ್ತು.

ತೂಕ ಇಳಿಸೋ ಇಂಜೆಕ್ಷನ್ ಬಗ್ಗೆನೂ ಕೇಳಿದೆ, 2025ರಾಗ ನಮ್ಮ ದೇಶಕ್ಕ ಬಂದಾವಲ್ಲ, ವಾರಕ್ಕೊಮ್ಮೆ ಹಾಕೋವು, ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಅಂತ. ಹಸಿವಿ ತಗ್ಗಿಸ್ತಾವ, ಕೆಲಸ ಮಾಡ್ತಾವ, ಬಿಟ್ರ ತೂಕ ಬಹಳಷ್ಟು ಮಂದಿಗೆ ತಿರುಗಿ ಬರತೈತಿ. ಡಾಕ್ಟರ ಚೀಟಿ ಇಲ್ಲದ ತಗೋಬಾರದು ಅಂದ್ರು. ನನಗ ಸದ್ಯಕ್ಕ ಬ್ಯಾಡ ಅಂದ್ರು, ರೇಟ್ ಕೇಳಿದ ಮ್ಯಾಲೆ ನಾನೂ ಬ್ಯಾಡ ಅಂದೆ.

ಇನ್ನ ಹೆಣ್ಮಕ್ಕಳ ಮಾತು, ಇದ ನನಗ ಹೆಚ್ಚು ಸಿಟ್ಟು ತರಿಸೋದು. ನನ್ನ ಮಗಳಿಗೆ ಹತ್ತನೇ ಕ್ಲಾಸಿನ್ಯಾಗ ಮೈ ಬಂತು, ಮುಟ್ಟು ಮೂರು ನಾಕು ತಿಂಗಳಿಗೊಮ್ಮೆ ಆಗತಿತ್ತು. ಮದುವಿ ಮನಿಗೆ ಹೋದ್ರ ದೊಡ್ಡಮ್ಮ ಚಿಗವ್ವ ಎಲ್ಲಾರೂ, ಏನ್ ಹಾಕ್ತಿಯವ್ವ ಇದಕ್ಕ, ಗಂಡು ಹೆಂಗ ಹುಡುಕ್ತಿ ಅಂತ ಅಕಿ ಮುಂದನ. ಸಾಲ್ಯಾಗ ಒಬ್ಬ ಮಾಸ್ತರು ಡುಮ್ಮಿ ಅಂತನ ಹೆಸರಿಟ್ಟಿದ್ರು. ಆಟಕ್ಕ ಹೋಗೋದು ಬಿಟ್ಲು, ಡಬ್ಬಿ ಎಲ್ಲಾರ ಮುಂದ ಬಿಚ್ಚೋದು ಬಿಟ್ಲು, ರಾತ್ರಿ ಎದ್ದು ಕದ್ದು ತಿನ್ನಾಕತ್ತಿದ್ಲು. ನಾನೂ ಒಂದೆರಡು ಸಲ ಅಂದೀನಿ, ಸುಳ್ಳು ಯಾಕ ಹೇಳ್ಲಿ. ಆಮ್ಯಾಲೆ ತೋರಿಸಿದ್ರ ಪಿಸಿಓಎಸ್ ಇತ್ತು, ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪೋ ತೊಂದರಿ ಅದು, ಇನ್ಸುಲಿನ್ ಸರಿ ಕೆಲಸ ಮಾಡದ ಮೈಯಾಗ ಕೊಬ್ಬು ಕೂಡೋದು, ಕೊಬ್ಬು ಕೂಡಿದಷ್ಟು ಅದು ಹೆಚ್ಚಾಗೋದು. ನನ್ನ ಹೆಂಡ್ತಿಗೆ ಥೈರಾಯ್ಡ್ ಗುಳಿಗಿ ಆಗಲೇ ನಡದಿತ್ತು. ಇದರಾಗ ಸೋಮಾರಿತನ ಎಲ್ಲೈತಿ? ಬೆಳಿಗ್ಗೆ 5ಕ್ಕ ಎದ್ದು ಮನಿ ಕಸ ಮುಸುರಿ ಮಾಡಿ, ಎಲ್ಲಾರೂ ಉಂಡ ಮ್ಯಾಲೆ ಉಳದ ಅನ್ನ ದಂಡ ಆಗಬಾರದು ಅಂತ ತಾನು ಉಣ್ಣಾಕಿ ನನ್ನ ಹೆಂಡ್ತಿ. ಕುರ್ಚಿ ಮುರಿದ ಚಿತ್ರ ಬರಿಯೋರು ಒಮ್ಮೆ ಅಕಿ ಕೂಡ ಒಂದು ದಿನ ಇದ್ದು ನೋಡ್ಲಿ.

ನಡೀರಿ ಅಂತ ಬರಿಯೋದು ಸಸ್ತಾ. ವಾರಕ್ಕ 150 ನಿಮಿಷ ಜೋರಾಗಿ ನಡಿಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತೈತಿ, ಒಪ್ಪಿದೆ. ಎಲ್ಲಿ ನಡೀಬೇಕ್ರಿ? ಏಪ್ರಿಲ್ ಮೇ ತಿಂಗಳು ನಮ್ಮಲ್ಲಿ ಬಿಸಿಲು 40 ದಾಟತೈತಿ, ಎಂಟು ಗಂಟೆಗೆ ರಸ್ತಾ ಕಾಯತೈತಿ. ಫುಟ್‌ಪಾತ್ ಮ್ಯಾಲೆ ಬೈಕ್, ಬೈಕ್ ಬಿಟ್ಟ ಜಾಗದಾಗ ಚರಂಡಿ ಕಲ್ಲು ಬಾಯಿ ತಕ್ಕೊಂಡು ಕುಂತಿರತಾವ, ಸುಗ್ಗಿ ಒಳಗ ಭತ್ತದ ಲಾರಿ ಧೂಳು. ನಾನು ಗಂಡಸು, 5:30ಕ್ಕ ಕಾಲುವಿ ದಂಡಿ ಹಿಡದು ಹೋಗತೀನಿ. ನಾಯಿ ಕಾಟ ಐತಿ, ಕೈಯಾಗ ಕೋಲು ಇರತೈತಿ. ಹೆಣ್ಮಕ್ಕಳು ಆ ಕತ್ತಲದಾಗ ಅಲ್ಲಿ ಹೋಗಾಕ ಆಗತೈತೇನು. ನನ್ನ ಹೆಂಡ್ತಿ ಮಗಳು ಸಂಜಿಮುಂದ ಮಾಳಿಗಿ ಮ್ಯಾಲೆ ನಡಿತಾರ, ಈ ಮೂಲಿಯಿಂದ ಆ ಮೂಲಿಗೆ 22 ಹೆಜ್ಜಿ, ಮಗಳು ಎಣಿಸ್ಯಾಳ. ಪಕ್ಕದ ಮಾಳಿಗಿಯವರು ಮೊದಲು ಏನ್ ಹಿಡದೈತಿ ಇವರಿಗೆ ಅಂತ ನೋಡತಿದ್ರು, ಈಗ ಆ ಮಾಳಿಗಿ ಮ್ಯಾಲೂ ಇಬ್ಬರು ನಡಿತಾರ, ನಡುವ ಮಾತೂ ಆಗತಾವ. ನಿಮ್ಮ ವರದಿಗಾರರನ್ನ ಕಳಿಸಿ ಊರಿಗೆ ಸಂಜಿ ಒಂದು ಮೈದಾನಕ್ಕ ಲೈಟ್ ಎಷ್ಟು ಅದಾವ, ಹೆಂಗಸರು ನಡಿಯಾಕ ಎಲ್ಲಿ ಜಾಗ ಐತಿ ಅಂತ ಬರೆಸ್ರಿ, ಅದು ಬೊಜ್ಜಿನ ಲೇಖನ ಅಕ್ಕೈತಿ.

ನಂದೀಗ 14 ತಿಂಗಳಾತು. 86 ಇದ್ದದ್ದು 79, ಏಳು ಕೆಜಿ ಅಷ್ಟ. ಹೊಟ್ಟಿ 104 ಇದ್ದದ್ದು 97. ಬಿಎಂಐ 28, ಅಂದ್ರ ಇನ್ನೂ ಬೊಜ್ಜಿನ ಪಟ್ಟಿ ಒಳಗ ನಾನ ಅದೀನಿ. ಹುಡುಗ್ರು ಈಗಲೂ ನಗತಾರ. ಆದ್ರ ಇದ್ದ ತೂಕದಾಗ ನೂರಕ್ಕ ಐದರಿಂದ ಹತ್ತು ಇಳದ್ರನ ಶುಗರ್ ಬಿಪಿ ತಿರುಗತಾವ ಅಂತ ಡಾಕ್ಟರಮ್ಮ ಹೇಳಿದ್ರು, ನನ್ನ 6.3 ಈಗ 5.8 ಆಗೈತಿ. ಚಾ ಎರಡಕ್ಕ ಇಳದೈತಿ, ಎಣ್ಣಿ ನಾಕು ಕೆಜಿಗೆ ಬಂದೈತಿ, ಮೂರಕ್ಕ ಇನ್ನೂ ಬಂದಿಲ್ಲ, ಹಬ್ಬ ಬಂತಂದ್ರ ತಪ್ಪತೈತಿ. ಒಗ್ಗರಣಿ ಮಿರ್ಚಿ ಭಾನುವಾರಕ್ಕ ಮಾತ್ರ, ನಿಮ್ಮ ಪುರವಣಿ ಓದಿಕೊಂತ ತಿಂತೀನಿ. ಅಂಜನಾದ್ರಿ ಹೋದ ತಿಂಗಳು ಹತ್ತಿದೆ, ಮೂರು ಸಲ ಕುಂತೆ, ಮ್ಯಾಲೆ ಮುಟ್ಟಿದೆ.

ಹಮಾಲರು, ಆಟೋದವರು, ಮನ್ಯಾಗಿನ ಹೆಣ್ಮಕ್ಕಳು, ಯಾರಾದ್ರೂ ಸರಿ, 30 ವರ್ಷ ದಾಟಿದವರಿಗೆ ಸರ್ಕಾರಿ ದವಾಖಾನಿ ಒಳಗ ಬಿಪಿ ಶುಗರ್ ಪುಕ್ಕಟ ನೋಡತಾರ, ಇದನ್ನೂ ಒಂದು ಸಾಲು ಹಾಕ್ರಿ. ಈ ಕಾಗದ ಭಾಳ ಉದ್ದ ಆಗೈತಿ ಅಂತ ನನಗ ಗೊತ್ತು, ನೀವು ಕತ್ತರಿ ಹಾಕೋರ. ಜಾಗ ಸಾಲಲಿಲ್ಲಂದ್ರ ನನ್ನ ಬೆಟ್ಟದ ಕತಿ ತಗೀರಿ, ಮಿಲ್ಲಿನ ಕತಿನೂ ತಗೀರಿ ಬೇಕಂದ್ರ, ಗಂಡಸರಿಗೆ 90 ಹೆಂಗಸರಿಗೆ 80 ಅನ್ನೋದು ಮಾತ್ರ ಬಿಡಬ್ಯಾಡ್ರಿ, ಆ ಪುಡಿ ಜಾಹೀರಾತು ಬರತೈತಲ್ಲ ಅದರ ಪಕ್ಕಕ್ಕ ಹಾಕ್ರಿ.

ಇಂತಿ,
ಒಬ್ಬ ರೈಸ್ ಮಿಲ್ ಗುಮಾಸ್ತ,
ಗಂಗಾವತಿ, ಕೊಪ್ಪಳ ಜಿಲ್ಲಾ